ಕಲ್ಲಾದ ಒಡತಿಯ ಎರಡು ಕಥೆಗಳು

ನನ್ನ ತಮ್ಮನ ಮಗಳು ಚಾಮರಾಜನಗರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾಳೆ. ಕಳೆದ ವರ್ಷ ಇಬ್ಬರು ಗೆಳತಿಯರೊಡನೆ ಸೇರಿ ಮೊಬೈಲಿನಲ್ಲಿ ಆಡುವ ಆಟವೊಂದನ್ನು ಕಟ್ಟತೊಡಗಿದಳು. ಆಟದೊಳಗೆ ಆಟಗಾರನಿಗೆ ವಹಿಸುವ ಕೆಲಸವನ್ನು ಅವರು ಕ್ವೆಸ್ಟ್ ಎನ್ನುತ್ತಾರೆ. ಮುಖ್ಯ ಕ್ವೆಸ್ಟಿಗೆ ಅವಳು ಆರಿಸಿಕೊಂಡದ್ದು ಪುಣಜನೂರಿನ ದಾರಿಯಲ್ಲಿರುವ ನಿಲುಗಲ್ಲಿನ ಕಥೆ. ಜೋಗಿಯೊಬ್ಬ ಭಿಕ್ಷೆಗೆ ಬಂದಾಗ, ಕಣಜ ತುಂಬಿದ್ದರೂ ಮನೆಯೊಡತಿ ಇಲ್ಲವೆಂದಳು, ಅವನ ಶಾಪದಿಂದ ಕಲ್ಲಾದಳು. ಆಟಗಾರ ಏಳು ಮನೆಗಳಿಂದ ಏಳು ಹಿಡಿ ರಾಗಿ ತಂದು ಶಾಪ ಬಿಡಿಸಬೇಕು. ಆಡಿನೋಡಿದ ವಿದ್ಯಾರ್ಥಿಗಳು ಮೂರನೆಯ ಮನೆಗೇ ಬೇಸತ್ತು ಫೋನನ್ನು ಕೆಳಗಿಟ್ಟರು. ಶನಿವಾರದೊಳಗೆ ಸರಿಯಾಗದಿದ್ದರೆ ಕಥೆಯನ್ನೇ ತೆಗೆದು ಕತ್ತಿ, ರಾಕ್ಷಸ ಹಾಕುವುದೆಂದು ಗೆಳತಿಯರು ತೀರ್ಮಾನಿಸಿದ್ದರು. ಅದನ್ನು ತಪ್ಪಿಸಲೆಂದೇ ಅವಳು ತೆರಕಣಾಂಬಿಗೆ, ನನ್ನ ಬಳಿಗೆ ಬಂದಳು.

ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವನು. ಆಮೇಲೆ ಓದಿದ್ದೆಲ್ಲ ಸ್ವಂತ ಹಟದಿಂದ. ಯಾರೋ ಹೇಳಿದರೆಂದು ಯಾವುದನ್ನೂ ಒಪ್ಪಿದವನಲ್ಲ. ಕಥೆಯೇ ಸುಳ್ಳು ಎಂದೆ. ಬಾಲ್ಯದಲ್ಲಿ ನಮ್ಮ ಜಗಲಿಯ ಮೇಲೆ ತಂಬೂರಿ ಹಿಡಿದು ಊರೂರು ತಿರುಗುವ ಹಾಡುಗಾರರು ಹಾಡಿದ್ದನ್ನು ಕಿವಿಯಾರೆ ಕೇಳಿದ್ದೆ: ಒಡತಿ ಮನೆಯಲ್ಲಿದ್ದ ಕಡೆಯ ಸೇರು ರಾಗಿಯನ್ನೂ ಕೊಟ್ಟುಬಿಟ್ಟಳು, ಮರುಗಳಿಗೆಯಲ್ಲಿ ಇನ್ನೊಬ್ಬ ಹಸಿದವನು ಬಾಗಿಲಿಗೆ ಬಂದಾಗ, ಕೊಡಲು ಏನೂ ಇಲ್ಲದೆ ನಾಚಿ ಕಲ್ಲಾದಳು. ಜಿಪುಣಿ ಎಂಬುದು ಸಂತೆಯ ಪುಸ್ತಿಕೆಗಳ ಕಟ್ಟುಕಥೆ. ಸಾಕ್ಷಿ ತೋರಿಸುತ್ತೇನೆಂದು ಅವಳ ಸ್ಕೂಟರಿನ ಹಿಂದೆ ಕುಳಿತು ಹರವೆಗೆ ಹೊರಟೆ. ಅಂದು ನಮ್ಮ ಜಗಲಿಗೆ ಬರುತ್ತಿದ್ದ ಹಾಡುಗಾರರಲ್ಲೊಬ್ಬರು ಅಲ್ಲಿ ಇನ್ನೂ ಇದ್ದರು.

ತೊಂಬತ್ತರ ಸಮೀಪದ ಆ ಹಿರಿಯರು ಎಲೆಗೆ ಸುಣ್ಣ ಸವರುತ್ತ ನನ್ನ ವಾದವನ್ನೆಲ್ಲ ಕೇಳಿಸಿಕೊಂಡರು. ಎರಡೂ ತಾವು ಹಾಡುತ್ತಿದ್ದ ಕಥೆಗಳೇ ಎಂದರು. ನಿಜವಾದದ್ದು ಯಾವುದೆಂದು ನಾನು ಪಟ್ಟು ಹಿಡಿದೆ.

“ನಿಮ್ಮಪ್ಪನ್ ಜಗಲೀಲಿ ಕೂತ್ಕಂಡು ಒಡತಿ ಜಿಪುಣಿ ಅಂತ ಏಳಕ್ಕಾದ್ದಾ? ನಮ್ಗೆ ಇಟ್ಟು ಇಕ್ತಿದ್ದವ್ರು ಯಾರು? ಕೂಲಿಯೋರ ಕೇರೀಲಿ ಅವಳು ಜಿಪುಣಿಯೇ ಕಣಪ್ಪ. ಅಲ್ಲೋಗಿ ಧರ್ಮಾತ್ಮೆ ಅಂದಿದ್ರೆ ನಕ್ಬುಡೋರು.”

ತಮ್ಮನ ಮಗಳು ನಗು ತಡೆಯಲು ಹೆಣಗುತ್ತಿದ್ದಳು. “ಎಲ್ರ ಮಾತ್ನೂ ಅನುಮಾನ ಪಟ್ಟೆ ದೊಡ್ಡಪ್ಪ, ನಿನ್ ಜಗಲಿ ಒಂದ ಬುಟ್ಬುಟ್ಟಲ್ಲ.”

ನಾಚಬೇಕಾಗಿತ್ತು. ಬದಲಿಗೆ ಆಟಕ್ಕೊಂದು ದಾರಿ ಹೊಳೆಯಿತು. ಹಿಂತಿರುಗುವಾಗ ಮೋರಿಕಟ್ಟೆಯೊಂದರ ಬಳಿ ಸ್ಕೂಟರು ನಿಲ್ಲಿಸಲು ಹೇಳಿದೆ. ಮನೆ ಮುಟ್ಟುವವರೆಗೆ ತಡೆದುಕೊಳ್ಳುವುದು ನನ್ನಿಂದ ಆಗುತ್ತಿರಲಿಲ್ಲ. ಆಟಗಾರ ಶಾಪ ಬಿಡಿಸುವ ವೀರನೇಕೆ ಆಗಬೇಕು, ಹಾಡುಗಾರನೇ ಆಗಲಿ ಎಂದೆ. ಹೊಲದೊಡೆಯರದೂ ಕೂಲಿಯವರದೂ ಇರುವ ಏಳು ಮನೆಗಳಲ್ಲಿ ಯಾವ ಜಗಲಿಗೆ ಯಾವ ಕಥೆ ಎಂದು ಅವನೇ ತೀರ್ಮಾನಿಸಲಿ. ಅವಳು ನನ್ನ ಮಾತು ಮುಗಿಯುವ ಮೊದಲೇ ಫೋನಿನಲ್ಲಿ ಬರೆದುಕೊಳ್ಳುತ್ತಿದ್ದಳು. ಕೇಳುವವರ ಮನಸ್ಸಿಗೆ ಒಗ್ಗುವಂತೆ ಹಾಡಿದರೆ ಜೋಳಿಗೆ ತುಂಬುತ್ತದೆ. ಒಗ್ಗದ್ದನ್ನು ಹಾಡಿದರೆ ಬರಿಗೈ, ಆದರೆ ಇವನು ಮುಖಸ್ತುತಿ ಹಾಡುವವನಲ್ಲ ಎಂಬ ಸುದ್ದಿ ಕೇಳಿ ಮುಂದಿನ ಮನೆಯವರು ತಾವಾಗಿಯೇ ಬಾಗಿಲು ತೆರೆಯುತ್ತಾರೆ ಎಂದು ಅವಳು ಸೇರಿಸಿದಳು. ಆ ಎರಡನೆಯದು ನನಗೆ ಹೊಳೆದಿರಲಿಲ್ಲ.

ಬದಲಾದ ಆಟವನ್ನು ವಿದ್ಯಾರ್ಥಿಗಳು ಆಡುವುದನ್ನು ನೋಡಲು ಶನಿವಾರ ನಾನೂ ಚಾಮರಾಜನಗರಕ್ಕೆ ಹೋದೆ. ಮೂರನೆಯ ಮನೆಗೆ ಯಾರೂ ಫೋನು ಕೆಳಗಿಡಲಿಲ್ಲ. ಒಬ್ಬಳು ಐದನೆಯ ಮನೆಯಲ್ಲಿ ಏನೂ ಸಿಗದೆ ಫೋನಿನೊಡನೆಯೇ ಜಗಳಕ್ಕೆ ನಿಂತಳು; ಇನ್ನಿಬ್ಬರು ಮತ್ತೊಂದು ಕಥೆ ಹಾಡಲೆಂದು ಮೊದಲ ಮನೆಗೆ ವಾಪಸಾದರು. ರಾಕ್ಷಸನ ಮಾತನ್ನು ಗೆಳತಿಯರು ಮತ್ತೆ ಎತ್ತಲಿಲ್ಲ.

ಸಂಜೆಯ ಬಸ್ಸಿನಲ್ಲಿ ನಾನೇ ಆಡಲು ಕುಳಿತೆ. ಏಳು ಮನೆ ಮುಗಿಸಿದಾಗ ನಿಲುಗಲ್ಲು ಎದುರಾಯಿತು. ಅವಳು ನನಗೆ ಹೇಳದೆ ಇಟ್ಟಿದ್ದ ಕೊನೆ ಅದು: ‘ನನ್ನ ಬಾಗಿಲಲ್ಲಿ ಯಾವುದನ್ನು ಹಾಡುತ್ತೀಯೆ?’ ಎಂದು ಕಲ್ಲೇ ಕೇಳಿತು. ಬೆರಳು ಎತ್ತಿದಲ್ಲೇ ನಿಂತಿತು. ತೆರಕಣಾಂಬಿ ಹಿಂದೆ ಉಳಿಯಿತೆಂಬುದು ಗುಂಡ್ಲುಪೇಟೆಯಲ್ಲಿ ಕಂಡಕ್ಟರು ಇಳಿಯಿರಿ ಯಜಮಾನರೇ ಎಂದಾಗಲೇ ತಿಳಿದದ್ದು. ನಿಲ್ದಾಣದ ಬೆಂಚಿನ ಮೇಲೆ ಕುಳಿತು ಮತ್ತೆ ಮೊದಲಿನಿಂದ ಹಿಡಿದೆ, ಈ ಸಲ ಕೂಲಿಯವರ ಕೇರಿಯ ಮನೆಯಿಂದ.