ನಿನ್ನ ಕಣ್ಣಿನ ವಿಷಯ ನನಗೆ ಗೊತ್ತಿತ್ತು

ನಿನ್ನ ಕಣ್ಣಿಗೆ ಕೆಂಪು, ಹಸಿರು ಸರಿಯಾಗಿ ಕಾಣುವುದಿಲ್ಲ ಎಂಬುದು ನನಗೆ ಗೊತ್ತಿತ್ತು, ಶರಣು. ನೀನು ಶಾಲೆಗೆ ಸೇರುವ ಮೊದಲೇ ಗೊತ್ತಿತ್ತು. ಪೈಲಟ್ ಆಗುತ್ತೇನೆಂದು ನೀನು ಅರ್ಜಿ ಹಾಕಿದ ದಿನವೂ ಗೊತ್ತಿತ್ತು. ಒಂದೊಂದೇ ಪರೀಕ್ಷೆ ಪಾಸಾಗಿ ಬಂದು ನನ್ನನ್ನು ಎತ್ತಿ ತಿರುಗಿಸಿದೆಯಲ್ಲ, ಆಗಲೂ ಗೊತ್ತಿತ್ತು. ಕೊನೆಗೆ ಆಸ್ಪತ್ರೆಯಿಂದ ಫೋನು ಮಾಡಿ ನೀನು ನೇರವಾಗಿ ಕೇಳಿದಾಗ — ಆಗಲೂ ನಾನು ಇಲ್ಲ ಎಂದೆ.

ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ ಎಂದು ನೀನು ಕೇಳುತ್ತೀಯ. ಕೇಳು. ಆದರೆ ಒಪ್ಪುವಂಥ ಉತ್ತರ ನನ್ನ ಹತ್ತಿರ ಇಲ್ಲ. ರಾಯದುರ್ಗದ ನಮ್ಮ ಓಣಿಯಲ್ಲಿ ಬಾಯಿ ಜೋರಿನವಳು ಎಂದು ಹೆಸರಾದವಳು ನಾನು. ಅಳತೆಯಲ್ಲಿ ಕಡಿಮೆ ಬಟ್ಟೆ ಕೊಟ್ಟ ಸಾಹುಕಾರನ ಅಂಗಡಿಯ ಮುಂದೆ ನಿಂತು ಬೀದಿಗೆಲ್ಲ ಕೇಳುವಂತೆ ಕೂಗಾಡಿದವಳು. ಅಂಥವಳ ನಾಲಿಗೆ ಸ್ವಂತ ಮಗನ ಮುಂದೆ ಹೊರಳಲಿಲ್ಲ. ಎದುರು ಕೂತರೆ ಬೇರೆ ಮಾತುಗಳು ನುಗ್ಗಿಬಿಡುತ್ತವೆ ಎಂದು ಮೊದಲು ಬರೆದುಕೊಳ್ಳುತ್ತಿದ್ದೇನೆ.

ನನಗೆ ಗೊತ್ತಾದದ್ದು ಹೀಗೆ. ಮುಂದಿನ ಕೋಣೆಯಲ್ಲಿ ಆಗಲೂ ಜೀನ್ಸ್ ಪ್ಯಾಂಟು ಹೊಲಿಯುವ ಮಷಿನ್‌ಗಳಿದ್ದವು. ಪ್ಯಾಂಟಿನ ಕೆಲಸ ಕಡಿಮೆಯಾದಾಗ ನಾನು ಓಣಿಯ ಹೆಂಗಸರಿಗೆ ರವಿಕೆ ಹೊಲಿದುಕೊಡುತ್ತಿದ್ದೆ. ಒಂದು ಮಧ್ಯಾಹ್ನ ಹಸಿರು ರವಿಕೆಯ ಚೂರನ್ನು ನಿನ್ನ ಕೈಗೆ ಕೊಟ್ಟು, ಇದಕ್ಕೆ ಹೊಂದುವ ದಾರ ತಾ ಎಂದೆ. ನೀನು ಕಂದು ದಾರದ ಕೋನು ತಂದುಕೊಟ್ಟೆ. ತುಂಟತನ ಮಾಡುತ್ತಿದ್ದೀಯ ಎಂದು ಮತ್ತೆ ಕಳಿಸಿದೆ. ಈ ಸಲ ನೀನು ಚೂರನ್ನು ಒಂದೊಂದು ಕೋನಿನ ಪಕ್ಕಕ್ಕೂ ಹಿಡಿದು, ಕಣ್ಣು ಕಿರಿದು ಮಾಡಿ, ತುಂಬ ಹೊತ್ತು ನೋಡಿದೆ. ನೋಡಿ, ಇನ್ನೊಂದು ಕಂದು ಕೋನನ್ನೇ ತಂದೆ. ಹಾಗೆ ಕಣ್ಣು ಕಿರಿದು ಮಾಡಿ ನೋಡುವವನನ್ನು ನಾನು ಮೊದಲೇ ನೋಡಿದ್ದೆ — ತವರಿನಲ್ಲಿ, ನನ್ನ ಅಣ್ಣನನ್ನು.

ಡಿ. ಹಿರೇಹಾಳಿನ ನಿನ್ನ ಬಸವರಾಜ ಮಾವ ರೈಲು ಓಡಿಸುವ ಕೆಲಸಕ್ಕೆ ಪರೀಕ್ಷೆ ಬರೆದು ಪಾಸಾಗಿದ್ದ. ಕಣ್ಣಿನ ಪರೀಕ್ಷೆಯಲ್ಲಿ ಹೋಯಿತು. ಬಣ್ಣದ ಚುಕ್ಕೆಗಳ ನಡುವೆ ಅಂಕಿ ಬರೆದಿರುತ್ತಾರಲ್ಲ, ಆ ಅಂಕಿ ಅವನಿಗೆ ಕಾಣಲಿಲ್ಲ. ಆಗ ನನಗೆ ಗಂಡು ಹುಡುಕುತ್ತಿದ್ದರು. ಹೆಣ್ಣು ನೋಡಲು ಬಂದವರು ಹುಡುಗಿಯನ್ನಷ್ಟೇ ನೋಡಿ ಹೋಗುತ್ತಾರೆಯೇ? ಅವಳ ಅಣ್ಣತಮ್ಮಂದಿರ ಕೈಕಾಲು, ಕಣ್ಣು, ಮಾತು, ಎಲ್ಲ ವಿಚಾರಿಸುತ್ತಾರೆ. ಅದಕ್ಕೇ ನನ್ನ ಅವ್ವ ಊರಿಗೆಲ್ಲ ಒಂದೇ ಮಾತು ಹೇಳಿದಳು: "ಎತ್ತರ ಸಾಲ್ಲಿಲ್ಲಂತ್ರಿ." ಮಾವನೋ, ನಮ್ಮ ಬಾಗಿಲಲ್ಲಿ ತಲೆ ಬಗ್ಗಿಸಿಕೊಂಡೇ ಒಳಗೆ ಬರುವ ಆಳು! ಆದರೂ ಊರು ನಂಬಿತು, ಇಲ್ಲವೇ ನಂಬಿದಂತೆ ಮಾಡಿತು. ಮದುವೆಯಾಗಿ ಹೊರಡುವಾಗ ಅವ್ವ ನನ್ನ ಕಿವಿಯಲ್ಲಿ ಹೇಳಿದ್ದು ಸುಖವಾಗಿರು ಎಂದಲ್ಲ. "ಅಣ್ಣನ ಕಣ್ಣಿನ ಸುದ್ದಿ ಆ ಮನ್ಯಾಗ ಎತ್ತಬ್ಯಾಡ" ಎಂದಳು.

ನಿನ್ನ ಕೈಯಲ್ಲಿ ಕಂದು ದಾರ ನೋಡಿದಾಗ ನಾನು ತಾಯಿಯಾಗಿ ಯೋಚಿಸಬೇಕಿತ್ತು. ಸೊಸೆಯಾಗಿ ಯೋಚಿಸಿದೆ. ಸಾರಿಗೆ ಉಪ್ಪು ಹೆಚ್ಚಾದರೂ ನನ್ನ ತವರನ್ನು ಎಳೆದು ತರುವ ಅತ್ತೆ, ಈ ಸುದ್ದಿ ಸಿಕ್ಕರೆ ಬಿಟ್ಟಾರೆಯೇ ಎಂದುಕೊಂಡೆ. ನಿನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವ ಬದಲು ಏನು ಮಾಡಿದೆ ಗೊತ್ತೇ? ದಾರಕ್ಕೆ ಗಂಟು ಹಾಕಿದೆ. ಹಸಿರು ದಾರದ ತುದಿಗೆ ಒಂದು ಗಂಟು, ಕೆಂಪಿಗೆ ಎರಡು, ಕಂದಿಗೆ ಏನೂ ಇಲ್ಲ. ಗೂಡಿನಲ್ಲಿ ಕೋನುಗಳ ಜಾಗ ಬದಲಾಯಿಸಲು ಯಾರನ್ನೂ ಬಿಡಲಿಲ್ಲ. ಎಲ್ಲ ಹೊಲಿಗೆ ಮನೆಗಳಲ್ಲೂ ಹೀಗೇ ಇರುತ್ತದೆ ಎಂದು ನೀನು ತಿಳಿದೆ. ಬಣ್ಣದ ಕಡ್ಡಿಗಳ ಮೇಲಿನ ಹೆಸರನ್ನು ಓದಿಕೊಂಡು ಬಳಿಯುವುದನ್ನು ಕಲಿಸಿದೆ. ರೂಢಿಯಾದರೆ ಕಣ್ಣು ತಾನಾಗಿ ಸರಿಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅಣ್ಣನಿಗೆ ಸರಿಹೋಗಿರಲಿಲ್ಲ, ಅದೂ ಗೊತ್ತಿತ್ತು. ಉಳಿದಂತೆ ಮನೆಯಲ್ಲಿ ಕಂಡ ಕಂಡಲ್ಲಿ ನೀಲಿ ಬಟ್ಟೆ, ಹಳದಿ ದಾರ. ಆ ಎರಡೂ ನಿನಗೆ ಚೆನ್ನಾಗಿ ಕಾಣುತ್ತಿದ್ದವು. ಜೀನ್ಸ್ ಹೊಲಿಯುವ ಮನೆಯಾದ್ದರಿಂದ ನನ್ನ ಸುಳ್ಳಿಗೆ ಅನುಕೂಲವಾಯಿತು.

ಇಷ್ಟೇ ಆಗಿದ್ದರೆ — ಇಲ್ಲ, ಇಷ್ಟೇ ಅಲ್ಲ. ಗಂಟು ಇಲ್ಲದ ಕಡೆಯೆಲ್ಲ ನೀನು ತಪ್ಪುತ್ತಿದ್ದೆ. ಹಣ್ಣಾದ ಮೆಣಸಿನಕಾಯಿ ಬಿಡಿಸಿಕೊಂಡು ಬಾ ಎಂದರೆ ಹಸಿಯದನ್ನು ತರುತ್ತಿದ್ದೆ. ಶಾಲೆಯಲ್ಲಿ ಭೂಪಟಕ್ಕೆ ಬಣ್ಣ ತುಂಬಿದರೆ ಕಾಡೆಲ್ಲ ಕಂದು. ಯಾರಾದರೂ ಯಾಕೆ ಹೀಗೆ ಎಂದು ಕೇಳುವ ಮೊದಲೇ ನಾನು ಬಾಯಿ ಮಾಡುತ್ತಿದ್ದೆ: "ಲಕ್ಷ್ಯ ಎಲ್ಲೈತೋ ನಿಂದು? ಒಂದು ಕೆಲ್ಸಾನಾದ್ರೂ ನೆಟ್ಟಗ ನೋಡಿ ಮಾಡಬಾರದಾ?" ನಿಮ್ಮಪ್ಪ ನಗುತ್ತ ನಿನಗೆ 'ಪರಾಕು ಸಾಹೇಬ' ಎಂದು ಹೆಸರಿಟ್ಟರು. ಪರಾಕು ಎಂದರೆ ನಮ್ಮ ಕಡೆ ಮೈಮೇಲೆ ಗಮನವಿಲ್ಲದಿರುವುದು. ಮನೆಗೆ ಬಂದವರೆಲ್ಲ ಹಾಗೇ ಕರೆದರು. ನೀನೂ ನಗುತ್ತಿದ್ದೆ. ಆಮೇಲೆ ಆಮೇಲೆ ನಗುವುದನ್ನು ಬಿಟ್ಟೆ. ಒಂದೊಂದು ಕೆಲಸವನ್ನೂ ಎರಡೆರಡು ಸಲ ಮಾಡಿ ನೋಡುವ ಹುಡುಗನಾದೆ. ಅದನ್ನು ನೋಡುತ್ತ ನಾನು ಮಷಿನ್ ತುಳಿಯುತ್ತಿದ್ದೆ.

ಭೈರವಾನಿತಿಪ್ಪದ ಡ್ಯಾಮಿನ ಕಟ್ಟೆಯ ಮೇಲೆ ಅಂಗಾತ ಮಲಗಿ ನೀನು ಬೆಂಗಳೂರಿನ ಕಡೆಗೆ ಹೋಗುವ ವಿಮಾನಗಳನ್ನು ನೋಡುತ್ತಿದ್ದಾಗ, ಹುಡುಗು ಬುದ್ಧಿ, ಬಿಟ್ಟುಹೋಗುತ್ತದೆ ಎಂದುಕೊಂಡಿದ್ದೆ. ಬಿಡಲಿಲ್ಲ. ಶಾಲೆಯ ನಂತರದ ಎರಡು ವರ್ಷದ ಇಂಟರ್ ಮುಗಿದ ಮೇಲೆ, ಒಂದು ವಿಮಾನ ಕಂಪನಿ ಹೊಸಬರನ್ನು ಆರಿಸಿ ತಾನೇ ಪೈಲಟ್ ತರಬೇತಿ ಕೊಡಿಸುತ್ತದೆ ಎಂದು ಕುಣಿಯುತ್ತ ಬಂದೆ. ಅವರ ಸೂಚನೆಯಲ್ಲೇ ಇತ್ತು, ವೈದ್ಯಕೀಯ ಪರೀಕ್ಷೆಯನ್ನು ಮುಂಚಿತವಾಗಿ ಮಾಡಿಸಿಕೊಂಡರೆ ಒಳ್ಳೆಯದು ಎಂದು.

"ಅವ್ವಾ, ಮೊದ್ಲು ಮೆಡಿಕಲ್ ಮಾಡಿಸ್ಕೊಂಡು ಬಿಡ್ಲಾ?" ಎಂದೆ ನೀನು.

"ಮೊದ್ಲು ಪರೀಕ್ಷೆ ಪಾಸಾಗಪ್ಪ. ಕಲ್ಲು ತಿಂದು ಅರಗಿಸ್ಕೊಳ್ಳೋ ಹುಡುಗ, ನಿನಗ್ಯಾತರ ಮೆಡಿಕಲ್ಲು?"

ನೀನು ನಕ್ಕೆ. ಅಂದೇ ನೀನು ಹೋಗಿದ್ದರೆ, ಕನಸು ಇನ್ನೂ ಎಳೆಯದಿದ್ದಾಗಲೇ ವಿಷಯ ತಿಳಿಯುತ್ತಿತ್ತು. ಮೊದಲ ಪರೀಕ್ಷೆಯಲ್ಲೇ ನೀನು ಸೋಲುತ್ತೀಯ, ಕಣ್ಣಿನ ತನಕ ಮಾತು ಹೋಗುವುದೇ ಇಲ್ಲ ಎಂಬ ಲೆಕ್ಕ ನನ್ನದು. ಹೌದು — ನೀನು ಸೋಲಲಿ ಎಂದು ಬಯಸಿದೆ. ದೇವರ ಮುಂದೆ ದೀಪ ಹಚ್ಚಿ ಅದನ್ನೇ ಬೇಡಿಕೊಂಡೆ. ಮಗನಿಗಾಗಿ ಎಷ್ಟು ಭಕ್ತಿಯಿಂದ ಕೂತಿದ್ದಾಳೆ ನೋಡು ಎಂದರು ಓಣಿಯವರು. ನನ್ನ ಜನ್ಮಕ್ಕಿಷ್ಟು!

ನೀನು ಸೋಲಲಿಲ್ಲ. ಲೆಕ್ಕ, ಇಂಗ್ಲಿಷು, ಭೌತಶಾಸ್ತ್ರದ ಪರೀಕ್ಷೆ ಮುಗಿಸಿದೆ. ಪರದೆಯ ಮೇಲೆ ಓಡುವ ಗುರುತನ್ನು ಕೈಯ ಹಿಡಿಕೆಯಿಂದ ಹಿಂಬಾಲಿಸುವ ಪರೀಕ್ಷೆಗಾಗಿ ಹಗಲೆಲ್ಲ ಅಭ್ಯಾಸ ಮಾಡಿ ಅಂಗೈ ಕೆಂಪಾಗಿಸಿಕೊಂಡೆ. ದೊಡ್ಡ ಊರುಗಳ ಹುಡುಗ ಹುಡುಗಿಯರ ಜೊತೆ ಗುಂಪಿನಲ್ಲಿ ಕೂತು ಮಾತಾಡುವ ಸುತ್ತನ್ನೂ ದಾಟಿದೆ. ಸಂದರ್ಶನ ಮುಗಿಸಿ ಬಂದು ನಿಮ್ಮಪ್ಪನಿಗೆ ಹೇಳುತ್ತಿದ್ದೆ. ನಿನ್ನಲ್ಲಿರುವ ಕೊರತೆ ಏನು ಎಂದು ಕಂಪನಿಯವರು ಕೇಳಿದರಂತೆ. ಲಕ್ಷ್ಯ ಸ್ವಲ್ಪ ಕಡಿಮೆ, ಚಿಕ್ಕಂದಿನಿಂದ ನಮ್ಮ ತಾಯಿ ತಿದ್ದುತ್ತಿದ್ದಾರೆ, ಈಗ ಸುಧಾರಿಸಿದ್ದೇನೆ ಎಂದೆಯಂತೆ. ಅವರಿಗೆ ನಿನ್ನ ಪ್ರಾಮಾಣಿಕತೆ ಮೆಚ್ಚುಗೆಯಾಯಿತಂತೆ. ನಾನು ಒಳಗೆ ರೊಟ್ಟಿ ತಟ್ಟುತ್ತ ಎಲ್ಲ ಕೇಳಿಸಿಕೊಂಡೆ. ಆಗಲಾದರೂ ಎದ್ದು ಬಂದು ಹೇಳಬಹುದಿತ್ತು. ಅತ್ತೆ ತೀರಿಕೊಂಡು ವರ್ಷಗಳಾಗಿದ್ದವು. ಹೆದರಬೇಕಾದವರು ಯಾರೂ ಇರಲಿಲ್ಲ. ಇಷ್ಟು ದಿನ ಮುಚ್ಚಿಟ್ಟೆ ಎಂದು ಒಪ್ಪಿಕೊಳ್ಳುವುದಕ್ಕೇ ಹೆದರಿದೆ. ರೊಟ್ಟಿ ಸುಟ್ಟು ಹೋಯಿತು, ಬಡಿಸುವಾಗ ಒಲೆಯನ್ನು ಬೈದೆ.

ಆಮೇಲೆ ಮೆಡಿಕಲ್. ಬೆಂಗಳೂರಿನ ಆಸ್ಪತ್ರೆಯಿಂದ ನಿನ್ನ ಫೋನು ಬಂದಾಗ ನಾನು ಪ್ಯಾಂಟಿನ ಜೇಬು ಕೂರಿಸುತ್ತಿದ್ದೆ.

"ಅವ್ವಾ, ಡಾಕ್ಟ್ರು ಕೇಳಾಕತ್ತಾರ. ಇದು ತಾಯಿ ಕಡಿಂದ ಬರ್ತೈತಂತ. ಮಾವಗೇನಾರ ಹಿಂಗ ಬಣ್ಣ ಕಾಣದು ಐತಾ?"

"ಇಲ್ಲಪ್ಪ. ನಮ್ಮ ಮನ್ಯಾಗ ಯಾರಿಗೂ ಇಲ್ಲ."

ನಿನ್ನ ಹಿಂದೆ ಯಾರೋ ಯಾರನ್ನೋ ಹೆಸರು ಹಿಡಿದು ಕರೆಯುತ್ತಿದ್ದರು. ಆಮೇಲೆ ನೀನು ಹೇಳಿದೆ: "ಹಂಗಾರ ನಂದೇ ತಪ್ಪವ್ವ. ಲಕ್ಷ್ಯ ಕೊಟ್ಟು ನೋಡಿಲ್ಲ ನಾನು."

ನಿನ್ನ ವರದಿಯಲ್ಲಿ ಡಾಕ್ಟರು ಸ್ಪಷ್ಟವಾಗಿಯೇ ಬರೆದಿದ್ದರು. ನೀನು ನಂಬಿದ್ದು ಡಾಕ್ಟರನ್ನಲ್ಲ, ನನ್ನನ್ನು. ಮನೆಗೆ ಬಂದು ಬ್ಯಾಗು ಇಳಿಸಿ, ನನ್ನ ಮುಖ ನೋಡಿ, ಅಳಬ್ಯಾಡವ್ವ ಎಂದು ನೀನೇ ನನ್ನನ್ನು ಸಮಾಧಾನ ಮಾಡಿದೆ. ಆ ಸಮಾಧಾನವನ್ನೂ ನಾನು ಸುಮ್ಮನೆ ಮಾಡಿಸಿಕೊಂಡೆ, ಶರಣು. ಇದನ್ನು ಬರೆಯುವಾಗ ನಾಚಿಕೆಯಿಂದ ಮೈ ಹಿಡಿಯಾಗುತ್ತಿದೆ.

ನೀನು ಡಿಗ್ರಿ ಮುಗಿಸಿ ಮಡಕಶಿರಾದ ಕಾಲೇಜಿನಲ್ಲಿ ಲೆಕ್ಕ ಹೇಳಿಕೊಡುವ ಕೆಲಸಕ್ಕೆ ಸೇರಿದಾಗ, ಸದ್ಯ, ಎಲ್ಲ ಮರೆತ ಎಂದುಕೊಂಡೆ. ಹೋದ ಸಲ ನಿನ್ನ ರೂಮಿಗೆ ಬಂದಾಗ ನೀನಿನ್ನೂ ಕಾಲೇಜಿನಿಂದ ಬಂದಿರಲಿಲ್ಲ. ಮನೆಯ ಒಡತಿ ಕೂರಿಸಿ ಕಾಫಿ ಕೊಟ್ಟು ಹೇಳಿದಳು: "ನಿಮ್ ಹುಡ್ಗ ಭಾಳ ಒಳ್ಳೇನು ಕಣಮ್ಮ. ಆದ್ರೆ ಒಂದು ಸಣ್ಣ ತಪ್ಪಾದ್ರೂ ತನ್ನ ತಾನೇ ಬೈಕಂತಾನೆ. ಬೆಳಿಗ್ಗೆ ಎದ್ದು ದೀಪ ನೋಡ್ಕಂಡು ಕುಂತಿರ್ತಾನೆ. ಯಾಕಪ್ಪ ಅಂದ್ರೆ, ಗಮನ ಕಲೀತಿದೀನಿ ಅಂತಾನೆ." ನಾನು ಕಾಫಿ ಲೋಟವನ್ನು ಹಾಗೇ ಕೆಳಗಿಟ್ಟೆ.

ಮೊನ್ನೆ ನೀನು ಫೋನು ಮಾಡಿದೆ. ಇನ್ನೊಂದು ವಿಮಾನ ಕಂಪನಿ ಅರ್ಜಿ ಕರೆದಿದೆ, ವಯಸ್ಸಿನ ಮಿತಿಯೊಳಗೆ ಇನ್ನೂ ಇದ್ದೇನೆ, ತಯಾರಿಗಾಗಿ ಕೆಲಸ ಬಿಡುತ್ತೇನೆ ಎಂದು ಕಾಲೇಜಿನಲ್ಲಿ ಹೇಳಿಬಿಡುತ್ತೇನೆ ಎಂದೆ. "ಈ ಸಲ ಮೊದ್ಲು ಮೆಡಿಕಲ್ಲೇ ಅವ್ವ. ಲಕ್ಷ್ಯ ಇಟ್ಟು ನೋಡ್ತೀನಿ, ನೋಡ್ತಿರು" ಎಂದೆ. ಎಷ್ಟು ಹುಮ್ಮಸ್ಸು ನಿನ್ನ ದನಿಯಲ್ಲಿ! ನಾನು ಒಳ್ಳೇದಾಗ್ಲಿ ಎಂದೆ. ಮತ್ತೆ ಅದೇ ಬಾಯಿ, ಮತ್ತೆ ಅದೇ ಸುಳ್ಳು.

ಫೋನು ಇಟ್ಟ ಮೇಲೆ ಅಣ್ಣನಿಗೆ ಮಾಡಿದೆ. ಶರಣುಗ ಹೇಳಿಬಿಡ್ತೀನಿ ಅಣ್ಣ ಎಂದೆ. ಅವನು ಬೈಯಲಿಲ್ಲ. "ನಿನ್ನ ಮದುವಿ ಆಗ್ಲಿ ಅಂತ ನಾ ಸುಮ್ನಿದ್ದೆ ತಂಗಿ. ನಿನಗೆ ಯಾರು ಸುಮ್ನಿರು ಅಂದಿದ್ರು?" ಎಂದ. ಸುಮ್ನಿರು ಎಂದು ನನಗೆ ಹೇಳಿದ ಅವ್ವ ತೀರಿಹೋಗಿ ಎಷ್ಟೋ ಕಾಲವಾಯಿತು. ಆಮೇಲಿನದೆಲ್ಲ ನನ್ನದೇ.

ನಿಮ್ಮಪ್ಪನಿಗೂ ನಿನ್ನೆ ಹೇಳಿದೆ. "ಆ ಅಡ್ಡಹೆಸರು ನನ್ನ ಬಾಯಾಗ ಅನ್ನಿಸಿದೆಲ್ಲ" ಎಂದು ಎದ್ದು ಹೋದರು. ಅದಾದ ಮೇಲೆ ನನ್ನ ಜೊತೆ ಮಾತಾಡಿಲ್ಲ. ಮಾತಾಡಿಸಿ ಎಂದು ನಾನೂ ಕೇಳಿಲ್ಲ.

ನೀನು ಮತ್ತೆ ಅರ್ಜಿ ಹಾಕಬೇಡ ಎಂದು ಹೇಳುತ್ತಿಲ್ಲ. ನಿನ್ನಂಥ ಕಣ್ಣಿಗೆ ಬೇರೆ ಬಗೆಯ ಪರೀಕ್ಷೆ ಇದೆಯೋ, ಬೇರೆ ದಾರಿ ಇದೆಯೋ, ನನಗೆ ತಿಳಿಯದು. ಅದು ಡಾಕ್ಟರೂ ನೀನೂ ಕೂತು ಆಡಬೇಕಾದ ಮಾತು. ಆದರೆ ಈ ಸಲ ಅವರ ಮುಂದೆ ಕೂತಾಗ ನಿಜವನ್ನು ತಿಳಿದುಕೊಂಡು ಕೂತಿರು. ಮಾವನಿಗೆ ಇದೆ. ನನ್ನಿಂದ ನಿನಗೆ ಬಂದಿದೆ. ಬಂದದ್ದು ಯಾರ ತಪ್ಪೂ ಅಲ್ಲ. ಆಮೇಲೆ ನಡೆದದ್ದು ನನ್ನ ತಪ್ಪು. ನೀನು ಲಕ್ಷ್ಯವಿಲ್ಲದ ಹುಡುಗ ಒಂದು ದಿನವೂ ಆಗಿರಲಿಲ್ಲ, ಮಗನೇ. ನಾನು ಕಂಡ ಮಕ್ಕಳಲ್ಲೆಲ್ಲ ಕಣ್ಣಿಟ್ಟು ನೋಡುತ್ತಿದ್ದವನು ನೀನೇ.

ನಾಳೆ ಬೆಳಗಿನ ಬಸ್ಸಿಗೆ ಮಡಕಶಿರಾಕ್ಕೆ ಬರುತ್ತಿದ್ದೇನೆ. ನೀನು ಬಾಗಿಲು ತೆಗೆದ ಕೂಡಲೇ ಬಾ ಅವ್ವ, ಉಂಡು ಬಂದಿಯಾ ಎಂದು ಕೇಳುತ್ತೀಯ. ಅದಕ್ಕೆ ಉತ್ತರ ಕೊಟ್ಟೆನೋ, ಮುಗಿಯಿತು. ಆಮೇಲೆ ಊಟ, ಮಂಡಿನೋವು, ಓಣಿಯ ಸುದ್ದಿ. ಹೇಳಬೇಕಾದದ್ದು ಮತ್ತೆ ಉಳಿದುಬಿಡುತ್ತದೆ. ನನ್ನನ್ನು ನಾನು ಬಲ್ಲೆ. ಅದಕ್ಕೇ ಹೊರಗೆ ನಿಂತೇ ಹೇಳುತ್ತೇನೆ, ಚಪ್ಪಲಿ ಬಿಡುವ ಮೊದಲೇ. ಕೇಳಿದ ಮೇಲೆ ಒಳಗೆ ಕರೆಯುವುದು, ಬಿಡುವುದು ನಿನಗೆ ಬಿಟ್ಟದ್ದು.