ಷಷ್ಠಿಯ ಪಟ್ಟಿ ಇಲ್ಲದ ಕಾಲುಚೀಲ

ಕಳೆದ ಭಾನುವಾರ ಸಿಂದಗಿಯಲ್ಲಿ ನಾನು ಒಂದು ಜೊತೆ ಕಾಲುಚೀಲಗಳನ್ನು ಸುಳ್ಳುಸಾಕ್ಷಿ ಎಂದು ಕರೆದೆ. ಅದೂ ಬಾಯಿಬಿಟ್ಟು, ಎಲ್ಲರೆದುರು.

ಶಾಸನಗಳ ತೇದಿ ನಿರ್ಣಯಿಸುವುದರಲ್ಲೇ ಆಯುಷ್ಯ ಕಳೆದು ನಿವೃತ್ತನಾದವನಿಗೆ ಕಾಲುಚೀಲಗಳ ಸಹವಾಸವೇಕೆ? ನೀವು ಕೇಳುವ ಮೊದಲೇ ನನ್ನ ಹೆಂಡತಿ ಕೇಳಿದ್ದಾಳೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಮಹಿಳಾ ಮಂಡಳಗಳು ಒಟ್ಟಾಗಿ ಕೈಕೆಲಸದ ಪ್ರದರ್ಶನವೊಂದನ್ನು ಏರ್ಪಡಿಸಿದ್ದವು. ಇಬ್ಬರು ಪರೀಕ್ಷಕರು. ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸಿ ನಿವೃತ್ತರಾದ ಸುಶೀಲಾಬಾಯಿ ಒಬ್ಬರು, ಇನ್ನೊಬ್ಬ ನಾನು. (ಹೆಣಿಗೆಯ ಗಂಧವೇ ಇಲ್ಲದವನು ಪಕ್ಷಪಾತ ಮಾಡಲಾರ ಎಂಬ ನಂಬಿಕೆಯಿಂದ ಕರೆದಿರಬೇಕು.)

ಬಹುಮಾನ ಎಂಬುದು ಒಂದು ಹುದ್ದೆ. ಮೊದಲ ಸ್ಥಾನ ಪಡೆದವರು ಮುದ್ದೇಬಿಹಾಳದಲ್ಲಿ ಮಂಡಳ ತೆರೆಯಲಿರುವ ಹೆಣಿಗೆಯ ತರಗತಿಗೆ ಅಕ್ಕೋರು, ಅಂದರೆ ಶಿಕ್ಷಕಿ, ಆಗಲಿದ್ದರು.

ರಜೆಯ ದಿನವಾದ್ದರಿಂದ ಶಾಲೆಯೊಂದರ ಕೋಣೆ ಸಿಕ್ಕಿತ್ತು. ಗೋಡೆಗೆ ಬೆನ್ನು ಕೊಟ್ಟು ನಮ್ಮ ಕುರ್ಚಿಗಳು, ಎದುರಿಗೆ ಮೇಜು, ಮೇಜಿನ ಮೇಲೆ ಕೌದಿ, ಕಸೂತಿ, ಮಣಿಯ ಚೀಲ, ಕುಂಚಿಗೆ. ಅವುಗಳ ನಡುವೆ ಅಂಗೈಯಗಲದ ಎರಡು ಬಿಳಿಯ ಕಾಲುಚೀಲಗಳು. ಮೂರು ವರ್ಷದ ಮಗುವಿನ ಅಳತೆ. ಹತ್ತಿಯ ದಾರ. ಮೈತುಂಬ ಜಾಳಿಗೆ.

ನಾನು ಒಂದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದೆ. ಹಿಡಿದವನು ಕೆಳಗಿಡಲು ಮರೆತೆ.

ವಿಜಾಪುರದ ಕಟ್ಟಡಗಳಲ್ಲಿ ಕಲ್ಲಿನ ಜಾಲಂಧ್ರಗಳನ್ನು ನೋಡಿದ್ದೀರಲ್ಲವೆ? ಬಿಸಿಲು ಅವುಗಳ ಮೂಲಕ ಬಂದು ನೆಲದ ಮೇಲೆ ಹೂವಾಗಿ ಬೀಳುತ್ತದೆ. ಇಲ್ಲಿ ನನ್ನ ಅಂಗಿಯ ತೋಳಿನ ಮೇಲೆ ಅಂಥದೇ ಹೂಗಳು ಬಿದ್ದಿದ್ದವು. ಆದರೆ ಕಲ್ಲುಕುಟಿಗ ಇದ್ದ ಕಲ್ಲನ್ನು ಕೊರೆದು ಕಿಂಡಿ ಮಾಡುತ್ತಾನೆ. ಇಲ್ಲಿ ಕೊರೆಯುವುದಕ್ಕೆ ಮೊದಲು ಏನೂ ಇರಲಿಲ್ಲ! ಬರೀ ದಾರ, ಕುಣಿಕೆ, ಮತ್ತೊಂದು ಕುಣಿಕೆ. ಗೋಡೆಯನ್ನೂ ಕಿಟಕಿಯನ್ನೂ ಒಟ್ಟಿಗೇ ಕಟ್ಟುತ್ತ ಹೋದ ಕೈ ಯಾವುದು?

ಕೈ ಎದುರಿಗೇ ನಿಂತಿತ್ತು. ನೀಲವ್ವ, ಮುದ್ದೇಬಿಹಾಳದವಳು, ಮೂವತ್ತರ ಆಸುಪಾಸು. ಗಂಡನಿಗೆ ಸೈಕಲ್ ರಿಪೇರಿಯ ಅಂಗಡಿ. ಮುರಿದ ಗಾಲಿಯ ಕಡ್ಡಿಗಳನ್ನು ಕಲ್ಲಿಗೆ ತಿಕ್ಕಿ ತುದಿ ನುಣುಪು ಮಾಡಿದರೆ ಅವೇ ಅವಳ ಹೆಣಿಗೆಯ ಸೂಜಿಗಳು. ಜೊತೆಗೆ ಅತ್ತೆ ಗುರುಬಾಯಿ ಬಂದಿದ್ದಳು. ಇಬ್ಬರೂ ನಸುಕಿನ ಬಸ್ಸು ಹಿಡಿದು ಬಾಗೇವಾಡಿ, ದೇವರ ಹಿಪ್ಪರಗಿ ದಾಟಿ ಸಿಂದಗಿ ಮುಟ್ಟಿದ್ದರು.

ಅತ್ತೆ ಬೆಂಚಿನ ಮೇಲೆ ಕುಳಿತು ಎಲೆ ಹಾಕಿಕೊಳ್ಳುತ್ತ ಬಂದವರಿಗೆಲ್ಲ ಸಾರುತ್ತಿದ್ದಳು: "ನಾ ಹೇಳೇಬಿಟ್ಟೇನಿ. ಇವತ್ತ ಗೆದ್ರ ಸಾಲಿಗೆ ಕಲಸಾಕ ಹೋಗು, ನಾ ರೊಟ್ಟಿ ಬಡೀತೇನಿ. ಸೋತ್ರ ಆ ಕಡ್ಡಿ ಎಲ್ಲಾ ವಾಪಸ್ ಅಂಗಡಿಗೆ. ಮತ್ತ ಕೈಯಾಗ ಹಿಡದದ್ದು ಕಂಡ್ರ ನೋಡು!"

ಸೊಸೆ ಕೈಚೀಲದೊಳಗಿನ ಕಡ್ಡಿಗಳನ್ನು ಮುಟ್ಟಿ ನೋಡಿಕೊಂಡಳು.

ಸುಶೀಲಾಬಾಯಿಯವರು ಕಾಲುಚೀಲದ ಒಳಮೈಯನ್ನು ಹೊರಳಿಸಿ ನೋಡಿದರು. ಒಂದು ಗಂಟೂ ಕಾಣಲಿಲ್ಲ. ಅದೇ ಅವರ ಸಂಶಯಕ್ಕೆ ಕಾರಣವಾಯಿತು.

"ಏನವಾ, ಇದು ಸೊಲ್ಲಾಪುರದ ಮಶೀನ್ ಮಾಲು ಅಲ್ಲ, ಹೌದಿಲ್ಲೊ?"

"ಅಲ್ರೀ ಅಕ್ಕೋರ. ಕಡ್ಡಿ ತಂದೇನ್ರಿ. ಹೆಣದ ತೋರಸ್ಲೇನ್ರಿ?"

ಅಲ್ಲಿಗೆ ಮುಗಿಯಬೇಕಿತ್ತು. ಮುಗಿಸದವನು ನಾನು. ಹೆಣೆಯಲು ಬರುವುದು ಬೇರೆ, ಈ ಕಾಲುಚೀಲಗಳನ್ನೇ ಹೆಣೆದಿರುವುದು ಬೇರೆ. ದಾಖಲೆ ನೋಡೋಣ ಎಂದೆ. ಅವಳು ತುಂಬಿಕೊಟ್ಟ ಫಾರಂ ತೆಗೆದೆ. (ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಗಿ ಎರಡು ವರ್ಷ ಕಳೆದರೂ ಫಾರಂ ಮೇಲೆ 'ಮೈಸೂರು ರಾಜ್ಯ' ಎಂದೇ ಅಚ್ಚಾಗಿತ್ತು. ಬೆಳಗಿನಿಂದ ಪ್ರತಿಯೊಂದರ ಮೇಲೂ ಅದನ್ನು ಹೊಡೆದು ತಿದ್ದುತ್ತಿದ್ದೆ.) 'ಕೆಲಸದ ಅವಧಿ' ಎಂಬಲ್ಲಿ ನೀಲವ್ವ ದುಂಡಗಿನ ಅಕ್ಷರದಲ್ಲಿ ಬರೆದಿದ್ದಳು: ಹುಣ್ಣಿಮೆಯ ಮರುದಿನ ಪಾಡ್ಯದಿಂದ ನಿನ್ನೆ ಅಷ್ಟಮಿಯವರೆಗೆ, ದಿನಕ್ಕೊಂದು ಪಟ್ಟಿ.

ಪಟ್ಟಿಗಳು ಸ್ಪಷ್ಟವಾಗಿದ್ದವು. ಹೂವಿನ ಒಂದು ಸಾಲು, ಬಳಿಕ ಎರೆಹುಳುವಿನಂಥ ಉಬ್ಬಿನ ಒಂದು ಗೆರೆ, ಮತ್ತೆ ಹೂವಿನ ಸಾಲು. ಎರಡು ಕಾಲುಗಳೂ ಸಮನಾಗಿರಲೆಂದು ಪ್ರತಿದಿನ ಇದಕ್ಕೊಂದು, ಅದಕ್ಕೊಂದು ಪಟ್ಟಿ ಹೆಣೆಯುತ್ತಿದ್ದಳಂತೆ. ನಾನು ಎಣಿಸಿದೆ. ಏಳು. ಇನ್ನೊಂದನ್ನು ಎಣಿಸಿದೆ. ಏಳು.

ಪಾಡ್ಯದಿಂದ ಅಷ್ಟಮಿಗೆ ಎಷ್ಟು? ಬಾಲಕನೂ ಹೇಳುತ್ತಾನೆ, ಎಂಟು.

"ಒಂದು ದಿನದ ಪಟ್ಟಿ ಇಲ್ಲವಲ್ಲ ತಾಯಿ," ಎಂದೆ. "ಬರಹ ಒಂದು ಹೇಳುತ್ತದೆ, ವಸ್ತು ಇನ್ನೊಂದು ಹೇಳುತ್ತದೆ. ಇದು ಸುಳ್ಳುಸಾಕ್ಷಿಯಾಗುತ್ತದೆ." ಫಾರಂ ಮೇಲೆ ಕೆಂಪು ಶಾಯಿಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಸುತ್ತ ನಿಂತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ನೀಲವ್ವ ಅಳಲಿಲ್ಲ. ನನ್ನ ಕೈಯಿಂದ ಕಾಲುಚೀಲವನ್ನು ತೆಗೆದುಕೊಂಡು, ಅದರ ಬಾಯಿಯ ಅಂಚಿನಲ್ಲಿ ಬೆರಳಿಟ್ಟಳು.

"ಇದು ಪಾಡ್ಯಾದ್ದು ನೋಡ್ರಿ ಸರ. ಇದು ಬಿದಿಗಿದು. ಮುಟ್ಟಿ ನೋಡ್ರಿ, ಬಿಗಿ ಐತಿ. ಅವತ್ತ ಸೋಮಾರ, ಉಪಾಸ ಇದ್ದೆ. ಹೊಟ್ಟಿ ಹಸದ್ರ ಕೈ ಬಿಗಿ ಆಕ್ಕೈತ್ರಿ."

ಮುಟ್ಟಿದೆ. ಬಿಗಿಯಾಗಿತ್ತು.

"ಇದು ತದಿಗಿ. ಇದು ಚೌತಿ. ಇದು ಪಂಚಮಿದು, ಹಿಮ್ಮಡ ಹೊಳ್ಳಿಸಿದ್ದು. ಸಡ್ಲ ಆಗೇತಿ, ಯಾಕಂದ್ರ ನಮ್ಮ ತಂಗಿ ಬಂದಿದ್ಲು, ನಕ್ಕೋತ ಹೆಣದೇನಿ. ಇದು ಸಪ್ತಮಿ. ಈ ತುದಿ ಅಷ್ಟಮಿ."

"ಷಷ್ಠಿ?" ಎಂದೆ, ಹಿಡಿದುಬಿಟ್ಟವನ ದನಿಯಲ್ಲಿ.

"ಷಷ್ಠಿ ಇರಲಿಲ್ರಿ ಸರ."

"ಇರಲಿಲ್ಲ ಎಂದರೆ?"

ಬೆಂಚಿನಿಂದ ಅತ್ತೆ ಗುಡುಗಿದಳು. "ಇರಲಿಲ್ಲಂದ್ರ ಇರಲಿಲ್ಲೋ ಯಪ್ಪಾ! ದಿನಾ ಮುಂಜಾನೆ ಕ್ಯಾಲೆಂಡರ್ ನೋಡಿ ತಿಥಿ ಹೇಳಾಕಿ ನಾ ಅದೇನಿ. ಈ ಸಲ ಷಷ್ಠಿ ಕ್ಷಯ. ಪಂಚಮಿ ಆದ ಮ್ಯಾಲ ಸೀದಾ ಸಪ್ತಮಿ. ಇಲ್ಲದ ದಿನದ ಪಟ್ಟಿ ಎಲ್ಲಿಂದ ಹೆಣೀತಾಳ ಅಕಿ? ಇಷ್ಟ ಓದೀರಿ, ನಿಮ್ಮ ಬೆನ್ನ ಹಿಂದ ತೂಗ ಬಿಟ್ಟಾರ, ಹೊಳ್ಳಿ ನೋಡ್ರಲಾ!"

ಹೊರಳಿ ನೋಡಿದೆ.

ನನ್ನ ಕುರ್ಚಿಯ ಹಿಂದಿನ ಗೋಡೆಗೆ, ನನ್ನ ತಲೆಗಿಂತ ಒಂದು ಗೇಣು ಮೇಲೆ, ಕ್ಯಾಲೆಂಡರ್ ತೂಗಾಡುತ್ತಿತ್ತು. ಬೆಳಗಿನಿಂದ ಅಲ್ಲೇ ಇತ್ತು. ಕನ್ನಡಕವನ್ನು ಸರಿಪಡಿಸಿಕೊಂಡು ಆ ವಾರದ ಚೌಕಗಳನ್ನು ಓದಿದೆ. ಭಾನುವಾರ ಪಾಡ್ಯ. ಸೋಮವಾರ ಬಿದಿಗೆ. ಹೌದು, ಅವಳ ಉಪವಾಸದ ಸೋಮವಾರ. ಗುರುವಾರ ಪಂಚಮಿ. ಶುಕ್ರವಾರ ಸಪ್ತಮಿ.

ಒಂದು ಸೂರ್ಯೋದಯದ ಬಳಿಕ ಹುಟ್ಟಿ ಮರುದಿನದ ಸೂರ್ಯೋದಯದೊಳಗೇ ಮುಗಿದುಹೋಗುವ ತಿಥಿಗೆ ತನ್ನದೆಂಬ ದಿನವಿರುವುದಿಲ್ಲ. ಇದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಎಷ್ಟೋ ವಿದ್ಯಾರ್ಥಿಗಳಿಗೆ ನಾನೇ ಕಲಿಸಿದ್ದೇನೆ. ಆದರೂ ಬೆರಳು ಮಡಚಿ ಎಂಟು ಎಂದೆ. ಅಂಗಡಿಯಲ್ಲಿ ಕೊಂಡು ತಂದು ಕಥೆ ಕಟ್ಟುವವರಾಗಿದ್ದರೆ ನನ್ನಂತೆಯೇ ಎಂಟು ಎಣಿಸುತ್ತಿದ್ದರು. ಆ ವಾರ ಪ್ರತಿದಿನ ಕುಳಿತು ಹೆಣೆದ ಕೈಗೆ ಮಾತ್ರ ಏಳು ಸಿಗುತ್ತಿತ್ತು. ನಾನು ಸುಳ್ಳಿನ ಗುರುತೆಂದು ಹಿಡಿದ ಪಟ್ಟಿಯ ಕೊರತೆಯೇ ಅವಳ ಸತ್ಯದ ಮುದ್ರೆಯಾಗಿತ್ತು.

ನಾನು ಕ್ಷಮೆ ಕೇಳಿದೆ. ಕೆಂಪು ಚಿಹ್ನೆಯನ್ನು ಹೊಡೆದುಹಾಕಿ, ಪಕ್ಕದಲ್ಲಿ ತೇದಿ ಸಹಿತ ಸಹಿ ಮಾಡಿದೆ. (ಚಟ!)

ಇಷ್ಟಾದರೂ ಸುಶೀಲಾಬಾಯಿಯವರು ಬಿಡಲಿಲ್ಲ. "ಈಗ ಹೆಣದ ತೋರಸವಾ. ಪರೀಕ್ಷೆಗಲ್ಲ, ನನಗ ನೋಡಬೇಕಾಗೇತಿ."

ನೀಲವ್ವ ಚೀಲದಿಂದ ಐದು ಕಡ್ಡಿಗಳನ್ನು ತೆಗೆದಳು. ನಾಲ್ಕರ ಮೇಲೆ ಕುಣಿಕೆಗಳು ಚೌಕವಾಗಿ ಕುಳಿತವು, ಐದನೆಯದು ಓಡಾಡತೊಡಗಿತು. ಅವಳು ಕೈಯನ್ನು ನೋಡುತ್ತಿರಲಿಲ್ಲ, ಸುಶೀಲಾಬಾಯಿಯವರ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದಳು. ದಾರವನ್ನು ಕಡ್ಡಿಗೆ ಬರಿದೆ ಒಂದು ಸುತ್ತು ಸುತ್ತಿದರೆ ಕಿಂಡಿ. ಆದರೆ ಸುತ್ತಿದಾಗಲೆಲ್ಲ ಒಂದು ಕುಣಿಕೆ ಹೆಚ್ಚಾಗುತ್ತದೆ. ಅದಕ್ಕೆಂದೇ ಪಕ್ಕದಲ್ಲಿ ಎರಡು ಕುಣಿಕೆಗಳನ್ನು ಒಂದು ಮಾಡಬೇಕು.

"ಒಂದ ಕಿಂಡಿ ಬಿಟ್ರ ಒಂದ ಜೋಡಿ ಕೂಡಸಬೇಕ್ರಿ," ಎಂದಳು. "ಮರತ್ರ ಸಾಲಿಗೊಮ್ಮೆ ಅಗಲ ಆಕ್ಕೋತ ಹೋಗಿ, ಕಾಲಚೀಲ ಅನ್ನೂದು ಆನಿಗೆ ಹಾಕೂ ಚೀಲ ಆಕ್ಕೈತಿ."

ಹೆಂಗಸರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ, ರೋಮಾಂಚನವಾಯಿತು. ಪ್ರತಿ ಸುತ್ತಿನಲ್ಲೂ ನಲವತ್ತೆಂಟು ಕುಣಿಕೆಗಳು. ಹೂವು ಅರಳುತ್ತದೆ, ಮುಚ್ಚುತ್ತದೆ, ಎಲೆ ಹೊರಳುತ್ತದೆ. ಸುತ್ತಿನ ಕೊನೆಗೆ ಎಣಿಸಿದರೆ ಮತ್ತೆ ಅದೇ ನಲವತ್ತೆಂಟು. ಕಾಗದವಿಲ್ಲ, ನಕ್ಷೆಯಿಲ್ಲ. ಗಣಿತ ಅವಳ ಹೆಬ್ಬೆರಳಿನಲ್ಲಿತ್ತು. ಇದನ್ನು ಯಾರಿಂದ ಕಲಿತೆ ಎಂದೆ. ವರ್ಗವಾಗಿ ಬಂದಿದ್ದ ಯಾರೋ ಡಾಕ್ಟರರ ಹೆಂಡತಿಯ ಮಗುವಿನ ಕಾಲಿನಲ್ಲಿ ಅಂಥದೊಂದನ್ನು ಕಂಡಿದ್ದಳಂತೆ. ಕೇಳಲು ಅಂಜಿಕೆ. ಆ ಮಗುವನ್ನು ಎತ್ತಿಕೊಂಡು ಆಡಿಸುತ್ತ ಆಡಿಸುತ್ತ ಕುಣಿಕೆಗಳನ್ನು ಓದಿಕೊಂಡಳಂತೆ.

ಒಮ್ಮೆ ನೋಡಿ ಓದಿಕೊಂಡಳು! ನಾನು ಒಂದೊಂದು ಕಲ್ಲಿನ ಮುಂದೆ ಎಷ್ಟು ದಿನ ಕುಳಿತಿಲ್ಲ?

ತೀರ್ಪಿಗೆ ಚರ್ಚೆ ಬೇಕಾಗಲಿಲ್ಲ. ಹೆಸರು ಓದಿದಾಗ ಗುರುಬಾಯಿ ಎಲೆಯ ರಸ ಉಗುಳಲು ಹೊರಗೆ ಹೋದವಳು ಬಹಳ ಹೊತ್ತು ಒಳಗೆ ಬರಲಿಲ್ಲ. ಬಂದಾಗ ಕಣ್ಣುಗಳು ಕೆಂಪಾಗಿದ್ದವು. "ಸುಣ್ಣ ಜಾಸ್ತಿ ಆತು," ಎಂದಳು. ಬಳಿಕ ಸೊಸೆಗೆ, "ನಡಿಯವಾ ಅಕ್ಕೋರ, ಬಸ್ ತಪ್ಪತೈತಿ. ಇನ್ನ ರೊಟ್ಟಿ ನನ್ನ ಪಾಲಿಗೆ ಬಂದ್ವು."

ಮನೆಗೆ ಬಂದು ಪಂಚಾಂಗ ತೆಗೆದು ಇನ್ನೊಮ್ಮೆ ನೋಡಿದೆ. ಷಷ್ಠಿ ಕ್ಷಯ; ಘಳಿಗೆ ವಿಘಳಿಗೆ ಸಮೇತ. ಕ್ಯಾಲೆಂಡರೂ ಸರಿ, ಅತ್ತೆಯೂ ಸರಿ, ಸೊಸೆಯೂ ಸರಿ.

ಅಂದಿನಿಂದ ನನ್ನ ಹಳೆಯ ಟಿಪ್ಪಣಿಯ ಕಟ್ಟುಗಳನ್ನು ಬಿಚ್ಚಿಕೊಂಡು ಕುಳಿತಿದ್ದೇನೆ. ತಿಥಿ ವಾರಗಳು ಕೂಡಲಿಲ್ಲವೆಂದು ನಾನು 'ಸಂಶಯಾಸ್ಪದ' ಎಂದು ಷರಾ ಬರೆದ ಶಾಸನಗಳು ಅವುಗಳಲ್ಲಿವೆ. ಎಲ್ಲವನ್ನೂ ಮೊದಲಿನಿಂದ ಲೆಕ್ಕ ಹಾಕಬೇಕಾಗಿದೆ. ಹೆಂಡತಿ ಕೇಳುತ್ತಾಳೆ, ನಿವೃತ್ತರಾದ ಮೇಲೂ ಇದೇಕೆ ಎಂದು.

ನೀಲವ್ವನ ಕಾಲುಚೀಲಗಳ ಪರವಾಗಿ ಮಾತಾಡಲು ಒಬ್ಬ ಅತ್ತೆಯಿದ್ದಳು. ಹೊಲದ ಬದುವಿನಲ್ಲಿ ನಿಂತ ಆ ಶಾಸನದ ಕಲ್ಲುಗಳ ಪರವಾಗಿ, 'ಹೊಳ್ಳಿ ನೋಡ್ರಲಾ' ಎಂದು ನನ್ನನ್ನು ಗದರಿಸಲು ಯಾರಿದ್ದರು?