ಮಾಸ್ತರನಿಗೂ ಕಟುಕನಿಗೂ ಹದಿನೈದು ರೌಂಡು

ಒಬ್ಬ ಮನುಷ್ಯನ ತಲೆಯೊಳಗೆ ರಕ್ತ ಸೋರುತ್ತಿದೆ ಅನ್ನುವ ಅನುಮಾನ ಬಂದರೆ ಡಾಕ್ಟರಾದವನು ಏನು ಮಾಡಬೇಕು? ಕಾರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋಗಬೇಕು, ಸ್ಕ್ಯಾನ್ ಮಾಡಿಸಬೇಕು. ಮುದುಕರ ವಾರ್ಡಿನಲ್ಲಿ ಮೂವತ್ತು ವರ್ಷ ದುಡಿದ ನನಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಾನು ಮಾಡಿದ್ದು ಬೇರೆ. ಆ ಮನುಷ್ಯನ ಎದುರಿಗೆ ಕೂತು ಬಾಕ್ಸಿಂಗ್ ವಾದ ಗೆದ್ದೆ.

ಅವನು ಧಾರವಾಡದವನು, ಇಂಜಿನಿಯರು, ನನ್ನ ಹಾಗೇ ವಿಲಾಯತಿಗೆ ಬಂದವನು. ಹೇಸ್‌ನ ಒಂದು ಆಫೀಸಿನಲ್ಲಿ ಸರ್ವೀಸು ಮುಗಿಸಿ ಪಿನ್ನರ್‌ನಲ್ಲಿ ಮನೆ ಮಾಡಿಕೊಂಡಿದ್ದ. ನಾನು ಮೈಸೂರಿನವನು, ಹ್ಯಾರೋದಲ್ಲಿದ್ದೇನೆ. ಇಬ್ಬರಿಗೂ ಎಪ್ಪತ್ತು ದಾಟಿತ್ತು, ಇಬ್ಬರಿಗೂ ಬಾಕ್ಸಿಂಗ್ ಹುಚ್ಚು. ಪ್ರತಿ ಶನಿವಾರ ಮಧ್ಯಾಹ್ನ ಮೂರಕ್ಕೆ ಅವನ ಹೆಂಡತಿ ಅವನನ್ನು ಕರಕೊಂಡು ನಮ್ಮ ಮನೆಗೆ ಬರುತ್ತಿದ್ದರು. ನನ್ನ ಹೆಂಡತಿ ಅದೇ ಹೊತ್ತಿಗೆ ಭಜನೆಗೆ ಹೊರಡುತ್ತಿದ್ದಳು. "ಸತ್ತವರನ್ನ ಎಬ್ಬಿಸಿ ತಂದು ಹೊಡೆದಾಡಿಸ್ತೀರಲ್ಲ, ನಿಮಗೇನು ಬಂದಿದೆ ರೋಗ?" ಅಂತ ಬಾಗಿಲಲ್ಲಿ ಒಂದು ಮಾತು ಎಸೆದು ಹೋಗುವುದು ಅವಳ ಪದ್ಧತಿ.

ನಮ್ಮ ಆಟ ಅದೇ ಆಗಿತ್ತು. ಬೇರೆ ಬೇರೆ ಕಾಲದ ಇಬ್ಬರು ಬಾಕ್ಸರುಗಳನ್ನು ಒಂದೇ ರಿಂಗಿಗೆ ಇಳಿಸಿದರೆ ಯಾರು ಗೆಲ್ಲುತ್ತಾರೆ? ಮಿಡಲ್‌ವೇಟ್ ಮಾತ್ರ. ಹೆವಿವೇಟಿನವರು ಕೋಣಗಳು, ಬರೀ ಭಾರ. ಮಿಡಲ್‌ವೇಟ್ ಅಂದರೆ ನೂರ ಅರವತ್ತು ಪೌಂಡು, ಬಸ್ಸಿನಲ್ಲಿ ಪಕ್ಕದಲ್ಲಿ ಕೂರುವ ಮನುಷ್ಯನ ತೂಕ. ಒಂದು ಕಾಲಕ್ಕೆ ನಮ್ಮಿಬ್ಬರ ತೂಕವೂ ಅಷ್ಟೇ ಇತ್ತು. ಒಬ್ಬೊಬ್ಬರು ಒಬ್ಬೊಬ್ಬ ಬಾಕ್ಸರನ ಪರ. ಆ ಬಾಕ್ಸರ್ ತನ್ನ ಜೀವನದ ಅತ್ಯುತ್ತಮ ದಿನದಲ್ಲಿ ಹೇಗಿದ್ದನೋ ಹಾಗೇ ಬಂದ ಅಂತ ಲೆಕ್ಕ. ವಾದವೂ ರೌಂಡಿನಲ್ಲೇ: ಅಡಿಗೆಮನೆಯ ಟೈಮರಿನಲ್ಲಿ ಮೂರು ನಿಮಿಷ ಮಾತು, ಒಂದು ನಿಮಿಷ ಮೌನ. ತೀರ್ಪು ಅವನ ಹೆಂಡತಿಯದು. ಮೆಂತ್ಯ ಸೊಪ್ಪು ಬಿಡಿಸುತ್ತಾ ಕೂತು, ಗಂಟೆ ಹೊಡೆದ ಕೂಡಲೇ "ಹತ್ತು-ಒಂಬತ್ತು, ಡಾಕ್ಟರದು" ಅನ್ನುತ್ತಿದ್ದರು, ರೌಂಡು ಗೆದ್ದವನಿಗೆ ಹತ್ತು, ಸೋತವನಿಗೆ ಒಂಬತ್ತು. ಬಾಕ್ಸಿಂಗಿನ ಗಂಧಗಾಳಿ ಅವರಿಗಿರಲಿಲ್ಲ. ಅದಕ್ಕೇ ಒಂದು ನಿಯಮ ಮಾಡಿಕೊಂಡಿದ್ದೆವು: ಯಾರು ತಡವರಿಸುತ್ತಾನೋ, ಹೆಸರು ಇಸವಿ ಮರೆಯುತ್ತಾನೋ, ಅವನು ಆ ರೌಂಡು ಸೋತ. ನಿಯಮ ಮಾಡಿದವನು ನಾನೇ. ನನ್ನ ನಾಲಿಗೆ ಎಷ್ಟು ಚುರುಕು ಅಂತ ನನಗೆ ಗೊತ್ತಿತ್ತು.

ಒಂಬತ್ತು ವರ್ಷ ಹೀಗೆ ನಡೆಯಿತು. ಒಂಬತ್ತು ವರ್ಷದಲ್ಲಿ ಅವನು ನನ್ನನ್ನು ಒಂದು ಸಲವೂ ಸೋಲಿಸಿರಲಿಲ್ಲ. ಆದರೆ ಸೋತಾಗಲೆಲ್ಲ ಒಂದೇ ಮಾತು ಹೇಳುತ್ತಿದ್ದ: "ಏ, ಹೊಡತ ತಿಂದಾವಗ ಗೊತ್ತಪಾ ಅದು. ನಿನಗೇನ್ ಗೊತ್ತು?" ಅವನು ಕಾಲೇಜಿನಲ್ಲಿ ಎರಡು ವರ್ಷ ಬಾಕ್ಸಿಂಗ್ ಆಡಿದ್ದ, ಮೂಗು ಸೊಟ್ಟಗಾಗಿತ್ತು. ನಾನು ಜನ್ಮದಲ್ಲಿ ಯಾರಿಗೂ ಹೊಡೆದವನಲ್ಲ, ಯಾರಿಂದಲೂ ತಿಂದವನಲ್ಲ. ಆ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಗೆದ್ದ ಸುಖವೆಲ್ಲ ಅಲ್ಲಿಗೇ ಮಣ್ಣುಪಾಲು.

ಹೋದ ವರ್ಷ ಅವನು ಒಂದು ದೊಡ್ಡ ಪಂದ್ಯ ಕೇಳಿದ. ಅವನ ಕಡೆಯವನು ಕಪ್ಪುಬಿಳುಪು ಫಿಲ್ಮಿನ ಕಾಲದ ಬಾಕ್ಸರ್. ಎಡಗೈ ಚಾಚಿ ಚಾಚಿ ಎದುರಾಳಿಗೆ ಪಾಠ ಹೇಳುವವನು, ಅದಕ್ಕೇ ನಾವಿಟ್ಟ ಹೆಸರು ಮಾಸ್ತರ. ನನ್ನವನು ಕಲರ್ ಟೀವಿ ಬಂದ ಮೇಲಿನವನು. ಪಕ್ಕೆಗೆ, ಹೊಟ್ಟೆಗೆ ಹೊಡೆದು ಹೊಡೆದು ಮನುಷ್ಯನನ್ನು ಕೆಡವುವ ಕಟುಕ. ಹಳೇ ಕಾಲದ ನಿಯಮವೇ ಬೇಕು ಅಂತ ಗೆಳೆಯ ಹಟ ಹಿಡಿದ. ಈಗಿನ ಹಾಗೆ ಹನ್ನೆರಡಲ್ಲ, ಹದಿನೈದು ರೌಂಡು, ಹೊಡೆದಾಟದ ದಿನವೇ ತೂಕ. ಈಗಿನವರ ಹಾಗೆ ಹಿಂದಿನ ದಿನ ತೂಗಿಸಿ, ಆಮೇಲೆ ನೀರು ಅನ್ನ ತುಂಬಿಕೊಂಡು ಹತ್ತು ಪೌಂಡು ಏರಿಸಿಕೊಂಡು ಬರುವ ಹಾಗಿಲ್ಲ. ನಾನು ಒಪ್ಪಿದೆ. ಶನಿವಾರಕ್ಕೆ ಐದು ರೌಂಡಿನಂತೆ ಮೂರು ಶನಿವಾರ.

ಮೊದಲನೇ ಶನಿವಾರ ಬಂದಾಗ ಅವನ ಹಣೆಯ ಮೇಲೆ, ಕೂದಲಿನ ಅಂಚಿಗೆ, ಒಂದು ಪ್ಲಾಸ್ಟರ್ ಇತ್ತು. ಹಿಂದಿನ ದಿನ ಅಂಗಡಿಯ ಮುಂದೆ ಕಾರಿಗೆ ಅಕ್ಕಿ ಚೀಲ ಹಾಕುವಾಗ ಡಿಕ್ಕಿಯ ಬಾಗಿಲು ತಲೆಗೆ ಬಡಿದಿತ್ತಂತೆ. "ನೆಲಕ್ಕ ಬಿದ್ದಿಲ್ಲ, ರೆಫರಿ ಎಂಟು ಎಣಸೂದ್ರಾಗ ಸುಧಾರಿಸ್ಕೊಂಡೆ!" ಅಂತ ನಕ್ಕ. ನಾನೂ ನಕ್ಕೆ. ಹಾರ್ಟಿಗೆಂದು ಅವನು ರಕ್ತ ತೆಳು ಮಾಡುವ ಮಾತ್ರೆ ನುಂಗುತ್ತಿದ್ದ, ಅದೂ ನನಗೆ ಗೊತ್ತಿತ್ತು.

ಆ ದಿನ ಅವನು ಆಡಿದ ಮಾತು! ಅಬ್ಬಬ್ಬಾ. ತಿಂಗಳುಗಟ್ಟಲೆ ಹಳೇ ಫಿಲ್ಮು ನೋಡಿ ನೋಡಿ ತಯಾರಾಗಿ ಬಂದಿದ್ದ. "ನಿನ್ನ ಕಟುಕಗ ಹೊಟ್ಟಿಗೆ ಹೊಡೀಬೇಕಂದ್ರ ಹತ್ರ ಬರಬೇಕು. ಹತ್ರ ಬರಬೇಕಂದ್ರ ಈ ಎಡಗೈ ದಾಟಬೇಕು. ದಾಟಾಂವ ಹೆಂಗ, ಹೇಳು?" ಅಂತ ಎದ್ದು ನಿಂತು ತೋರಿಸಿದ. ಹನ್ನೆರಡು ರೌಂಡಿಗೆ ಕಟ್ಟಿದ ದೇಹ ಹದಿಮೂರನೆಯದರಲ್ಲಿ ಏನಾಗುತ್ತದೆ ಅಂತ ಕೇಳಿದ. ಐದರಲ್ಲಿ ನಾಲ್ಕು ರೌಂಡು ಅವನಿಗೆ. ಅವನ ಹೆಂಡತಿ ಸೊಪ್ಪಿನ ತಟ್ಟೆ ಬದಿಗಿಟ್ಟು ಚಪ್ಪಾಳೆ ತಟ್ಟಿಬಿಟ್ಟರು. ಆ ವಾರವೆಲ್ಲ ನನಗೆ ಊಟ ಸೇರಲಿಲ್ಲ. ಈ ಮನುಷ್ಯ ಈ ಸಲ ಗೆಲ್ಲುತ್ತಾನೆ, ಸೊಟ್ಟ ಮೂಗು ಏರಿಸಿಕೊಂಡು ಸಾಯುವ ತನಕ ಹೇಳಿಕೊಂಡು ತಿರುಗುತ್ತಾನೆ ಅಂತ ಹೊಟ್ಟೆ ಉರಿದುಹೋಯಿತು.

ಎರಡನೇ ಶನಿವಾರ ಅವನು ಬೇರೆ ಮನುಷ್ಯನಾಗಿದ್ದ. ತಲೆ ನೋಯುತ್ತಿದೆ, ನಿದ್ದೆಯ ಮಂಪರು ಬಿಟ್ಟಿಲ್ಲ ಅಂದ. ಎಡಗೈಯಲ್ಲಿ ಕಾಫಿ ಕಪ್ಪು ಹಿಡಿದಿದ್ದ, ಅದು ವಾಲುತ್ತಾ ವಾಲುತ್ತಾ ತೊಡೆಯ ಮೇಲೆ ಸುರಿಯಿತು. ಅವನಿಗೆ ಒಂದು ಕ್ಷಣ ಗೊತ್ತೇ ಆಗಲಿಲ್ಲ. ಹೆಂಡತಿ "ಅಯ್ಯ, ಲಕ್ಷ್ಯ ಎಲ್ಲಿಟ್ಟೀರಿ?" ಅಂತ ಬಟ್ಟೆ ತಂದು ಒರೆಸಿದರು. ಎಪ್ಪತ್ತು ದಾಟಿದವನು, ತಲೆಗೆ ಪೆಟ್ಟು, ರಕ್ತ ತೆಳುವಾಗುವ ಮಾತ್ರೆ, ವಾರದ ಮೇಲೆ ತಲೆನೋವು, ಮಂಕು, ಒಂದು ಕೈ ಸೋಲು. ಇಂಥವರನ್ನು ನಾನು ವಾರ್ಡಿನಲ್ಲಿ ಬಾಗಿಲಿಂದಲೇ ಗುರುತಿಸುತ್ತಿದ್ದೆ. ತಲೆಬುರುಡೆಯ ಒಳಗೆ ನಿಧಾನಕ್ಕೆ ರಕ್ತ ಕಟ್ಟುತ್ತದೆ, ಮಿದುಳನ್ನು ಒತ್ತುತ್ತದೆ. ಬೇಗ ಹಿಡಿದರೆ ಒಂದು ಸಣ್ಣ ತೂತು ಕೊರೆದು ತೆಗೆದುಬಿಡುತ್ತಾರೆ, ಬಹಳ ಜನ ಮನೆಗೆ ನಡೆದುಕೊಂಡು ಹೋಗುತ್ತಾರೆ.

ಹೇಳಬೇಕು ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಅವನು, "ಆರನೇ ರೌಂಡು ಸುರು ಮಾಡಪಾ, ಅಂಜಿಕಿ ಬಂತೇನು?" ಅಂದ. ತೆರೆದ ಬಾಯಿಂದ ಬಂದದ್ದು ಬೇರೆ ಮಾತು. "ನಿನ್ನ ಮಾಸ್ತರ ಕೊನೇ ಸಲ ಬಿದ್ದದ್ದು ಎಷ್ಟನೇ ರೌಂಡಿನಲ್ಲಿ? ಯಾವ ವರ್ಷ? ಎದುರಿಗೆ ಯಾರಿದ್ದರು?"

ಇದು ಬಾಕ್ಸಿಂಗ್ ಪ್ರಶ್ನೆಯಲ್ಲ. ಇವತ್ತು ಯಾವ ವಾರ, ಪ್ರಧಾನಿ ಯಾರು, ನೂರರಿಂದ ಏಳೇಳು ಕಳೆಯಿರಿ ಅಂತ ಹಾಸಿಗೆ ಪಕ್ಕ ನಿಂತು ಕೇಳುತ್ತಿದ್ದೆನಲ್ಲ, ಅದೇ ಪರೀಕ್ಷೆ. ಬಟ್ಟೆ ಬೇರೆ ಹಾಕಿಸಿದ್ದೆ, ಅಷ್ಟೇ. ಅವನು ಕಣ್ಣು ಮಿಟುಕಿಸಿದ. ತನ್ನ ದೇವರಂಥ ಬಾಕ್ಸರನ ಇಸವಿ ಅವನಿಗೆ ಸಿಗಲಿಲ್ಲ. "ತಡಿ... ಹೇಳ್ತೀನಿ..." ಅಂತ ಬೆರಳು ಎಣಿಸಿದ. ಟೈಮರ್ ಹೊಡೆಯಿತು. ನಾನು ಅದನ್ನೇ ಮತ್ತೆ ಮತ್ತೆ ಕೇಳಿದೆ. ಐದಕ್ಕೆ ಐದೂ ನನಗೆ ಬಂತು. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಆ ವಾರ ಹೊಟ್ಟೆ ತುಂಬ ಉಂಡೆ. ಏನಾದರೂ ಹೆಚ್ಚುಕಮ್ಮಿಯಾದರೆ ಅವರೇ ಫೋನ್ ಮಾಡುತ್ತಾರೆ ಅಂದುಕೊಂಡೆ. ಪಂದ್ಯ ಮುಗಿಯಲಿ, ಮುಗಿದ ತಕ್ಷಣ ನಾನೇ ಕರಕೊಂಡು ಹೋಗುತ್ತೇನೆ ಅಂತಲೂ ಅಂದುಕೊಂಡೆ. ಇದು ವಾರಗಟ್ಟಲೆ ಕಾಯುವ ಕಾಯಿಲೆಯಲ್ಲ ಅಂತ ಮೂವತ್ತು ವರ್ಷ ಕಿರಿಯ ಡಾಕ್ಟರುಗಳಿಗೆ ಬೈದು ಕಲಿಸಿದವನು ನಾನು.

ಮೂರನೇ ಶನಿವಾರ ಎಡಗಾಲು ಎಳೆದುಕೊಂಡು ಬಂದ. ಬಾಗಿಲ ಹೊಸ್ತಿಲು ಎಡವಿದ, ಹೆಂಡತಿ ರಟ್ಟೆ ಹಿಡಿದುಕೊಂಡರು. ಪ್ಯಾಂಟಿನ ಬೆಲ್ಟನ್ನು ಒಂದು ಕುಣಿಕೆ ಬಿಟ್ಟು ಹಾಕಿಕೊಂಡಿದ್ದ. ಆದರೂ ಬಂದಿದ್ದ. ಅವನಿಗೆ ಆ ಗೆಲುವು ಅಷ್ಟು ಬೇಕಾಗಿತ್ತು. ನನಗೂ ಅಷ್ಟೇ. ಹದಿನಾಲ್ಕನೇ ರೌಂಡಿನ ಹೊತ್ತಿಗೆ ಪಂದ್ಯ ನನ್ನ ಜೇಬಿನಲ್ಲಿತ್ತು. ಅಲ್ಲಿಗೆ ಬಿಡಬಹುದಿತ್ತು, ಬಿಡಲಿಲ್ಲ. ಒಂಬತ್ತು ವರ್ಷ "ನಿನಗೇನ್ ಗೊತ್ತು" ಅನ್ನಿಸಿಕೊಂಡಿದ್ದೆನಲ್ಲ.

ಹದಿನೈದನೆಯದರಲ್ಲಿ, "ಮಾಸ್ತರ ಕೈ ಅಡ್ಡ ಹಿಡಿಯುತ್ತಿದ್ದ ಗಾರ್ಡ್ ತೋರಿಸು ನೋಡೋಣ. ನಿಂತುಕೋ. ಎರಡೂ ಕೈ ಮುಂದಕ್ಕೆ ಚಾಚು, ಅಂಗೈ ಮೇಲೆ. ಕಣ್ಣು ಮುಚ್ಚು," ಅಂದೆ.

"ಅಂಗೈ ಮ್ಯಾಲ ಮಾಡಿ ಯಾವ ಬಾಕ್ಸರ್ ನಿಂದರ್ತಾನಲೇ?" ಅಂದ. ಅಷ್ಟು ಬುದ್ಧಿ ಇನ್ನೂ ಇತ್ತು. ಆದರೂ ನಿಂತ, ಕಣ್ಣು ಮುಚ್ಚಿದ. ಡಾಕ್ಟರು ಹೇಳಿದರೆ ಮನುಷ್ಯ ಮಾಡುತ್ತಾನೆ. ಬಲಗೈ ಹಾಗೇ ನಿಂತಿತು. ಎಡಗೈ ನಡುಗಿ, ಹೊರಳಿ, ನಿಧಾನಕ್ಕೆ ಕೆಳಗೆ ಇಳಿಯಿತು. ಡಾಕ್ಟರಿ ಪುಸ್ತಕದಲ್ಲಿ ಬರೆದ ಹಾಗೆ. ಇನ್ನು ಅನುಮಾನ ಅನ್ನುವುದೇ ಇರಲಿಲ್ಲ.

"ಇಳೀತು ನೋಡ್ರಮ್ಮ ಮಾಸ್ತರನ ಎಡಗೈ!" ಅಂತ ಕೂಗಿದೆ. "ಕಟುಕ ಒಳಗೆ ಬಂದ!" ಕಣ್ಣು ಮುಚ್ಚಿ ನಿಂತವನ ದವಡೆಗೆ ನನ್ನ ಬಲ ಮುಷ್ಟಿ ತಾಗಿಸಿದೆ. ಮೆಲ್ಲಗೇ ತಾಗಿಸಿದೆ, ಆದರೂ ಅವನು ಸೋಫಾದ ಮೇಲೆ ಕುಸಿದು ಕೂತ. ಅವನ ಹೆಂಡತಿ ನಕ್ಕುಬಿಟ್ಟರು, ಆಟ ಅಂದುಕೊಂಡು. "ಈಗ ಹೇಳು, ಹೊಡೆತದ ವಿಷಯ ಯಾರಿಗೆ ಗೊತ್ತು?" ಅಂದೆ. ಹೊರಡುವಾಗ ಅವನಿಗೆ ಚಪ್ಪಲಿಯೊಳಗೆ ಎಡಗಾಲು ತೂರಿಸಲು ಬಹಳ ಹೊತ್ತು ಹಿಡಿಯಿತು. ನಾನು ಹಿಂದೆ ನಿಂತು ನೋಡಿದೆ.

ಪಂದ್ಯ ಮುಗಿದ ತಕ್ಷಣ ಹೇಳುತ್ತೇನೆ ಅಂದುಕೊಂಡಿದ್ದೆನಲ್ಲ, ಹೇಳಲಿಲ್ಲ. ಕಾಯಿಲೆಯವನನ್ನು ಸೋಲಿಸಿದ್ದು ಗೆಲುವಲ್ಲ. ಬಾಯಿ ಬಿಟ್ಟರೆ ಪಂದ್ಯ ರದ್ದು, ಮೊದಲನೇ ಶನಿವಾರದ ನಾಲ್ಕು ರೌಂಡು ಮಾತ್ರ ಉಳಿಯುತ್ತದೆ, ಅವು ಅವನವು. ಇಷ್ಟು ನೀಚವಾದ ಲೆಕ್ಕವನ್ನು ಒಬ್ಬ ಮನುಷ್ಯ ಭಾನುವಾರ ಪೂರ್ತಿ ಹಾಕುತ್ತಾ ಕೂರಬಹುದು ಅಂತ ಬೇರೆ ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ. ನಾನು ಕೂತಿದ್ದೆ. ಸೋಮವಾರ ಬೆಳಿಗ್ಗೆ ಅವನ ಹೆಂಡತಿಯ ಫೋನು ಬಂತು. ಎಬ್ಬಿಸಿದರೆ ಏಳುತ್ತಿಲ್ಲ, ಆಂಬ್ಯುಲೆನ್ಸ್ ಬಂದಿದೆ ಅಂದರು.

ತಲೆ ಕೊರೆದರು, ರಕ್ತ ತೆಗೆದರು, ಜೀವ ಉಳಿಯಿತು. ಹೊತ್ತು ಮೀರಿತ್ತು. ಎರಡು ತಿಂಗಳು ಆಸ್ಪತ್ರೆಯಲ್ಲಿಟ್ಟುಕೊಂಡು ಮನೆಗೆ ಕಳಿಸಿದರು. ಎಡಗಡೆ ಪೂರ್ತಿ ಹೋಗಿತ್ತು, ಮಾತು ಅರ್ಧ ಹೋಗಿತ್ತು. ಆಸ್ಪತ್ರೆಗೆ ಹೋದಾಗಲೆಲ್ಲ ಅವನು ಮಲಗಿರುವ ಹೊತ್ತು ನೋಡಿಕೊಂಡು ಹೋಗಿದ್ದೆ. ಮನೆಗೆ ಬಂದ ಮೇಲೆ ತಪ್ಪಿಸಿಕೊಳ್ಳಲು ಆಗಲಿಲ್ಲ.

ಪಿನ್ನರ್‌ನ ಅವನ ಮನೆಯಲ್ಲಿ ಮುಂದಿನ ಕೋಣೆಗೇ ಮಂಚ ಇಳಿಸಿದ್ದರು. ದಿಂಬಿಗೆ ಒರಗಿ ಕೂತಿದ್ದ. ನನ್ನನ್ನು ನೋಡಿ ಮುಖದ ಅರ್ಧ ಅರಳಿತು. ಅವನ ಹೆಂಡತಿ ನನಗೆ ಕಾಫಿ ಕೊಟ್ಟು, ಅವನ ಬಾಯಂಚು ಒರೆಸಿ, ಮಂಚದ ತುದಿಗೆ ಕೂತರು.

"ನಾ ಇವರಿಗೆ ಬಡಕೊಂಡೆ ಡಾಕ್ಟರೇ," ಅಂದರು. "ಕಾಫಿ ಚೆಲ್ಲಿದ ದಿನ, ನಿಮ್ಮ ಮನಿಯಿಂದ ಬರೂ ಮುಂದ, ಕಾರಿನಾಗ ಹೇಳಿದೆ, ಸೋಮವಾರ ನಮ್ಮ ಜಿಪಿ ಡಾಕ್ಟರ ಕಡೆ ಹೋಗೂಣು ಅಂತ. ಕೇಳಲೇ ಇಲ್ಲ. 'ಅಂವ ಅಷ್ಟು ದೊಡ್ಡ ಡಾಕ್ಟರು. ಎದುರಿಗೆ ಕೂತು ತಾಸುಗಟ್ಟಲೆ ನನ್ನ ಮಾರೀನ ನೋಡ್ತಾನ. ಏನರ ಇದ್ರ ಅಂವ ಹೇಳಂಗಿಲ್ಲೇನು?' ಅಂದ್ರು. ನನಗೂ ಖರೇ ಅನಿಸ್ತು, ಸುಮ್ಮನಾದೆ. ಮೂರನೇ ಶನಿವಾರನೂ ಹಂಗ ಅಂದ್ರು."

ಕಾಫಿ ಸುಡುತ್ತಿತ್ತು, ಕುಡಿದೆ.

"ನಿಮಗೂ ಏನೂ ಕಾಣಸಲಿಲ್ಲ, ಹೌದಿಲ್ರೀ?"

ಅವರು ನನ್ನ ಮೇಲೆ ತಪ್ಪು ಹೊರಿಸುತ್ತಿರಲಿಲ್ಲ. ಒತ್ತಾಯ ಮಾಡಿ ಕರಕೊಂಡು ಹೋಗಬೇಕಿತ್ತು ಅಂತ ಎರಡು ತಿಂಗಳಿಂದ ತಮ್ಮನ್ನೇ ತಿನ್ನುತ್ತಿದ್ದರು, ಕಣ್ಣ ಕೆಳಗೆ ಕಪ್ಪಾಗಿತ್ತು. ಕಾಣಿಸಿತ್ತು ಅನ್ನುವ ಒಂದು ಮಾತು ಸಾಕಿತ್ತು.

"ಇಲ್ಲಮ್ಮ," ಅಂದೆ. "ಏನೂ ಕಾಣಿಸಲಿಲ್ಲ. ಕಾಣಿಸುವಂಥದ್ದಲ್ಲ ಅದು."

ಅವನು ಕಷ್ಟಪಟ್ಟು ಹೆಂಡತಿಯ ಕಡೆ ತಿರುಗಿದ. ಒಂದೊಂದೇ ಮಾತು ಎಳೆದು ತಂದ. "ಕೇಳಿದಿ? ಇಂವಗ... ಕಾಣಲಿಲ್ಲಂದ್ರ... ಆ ಜಿಪಿಗೆ... ಏನ್ ಕಾಣ್ತಿತ್ತು?"

"ಹೌದ್ರೀ," ಅಂದರು ಅವರು. "ನಾನ ಸುಮ್ಮ ಜೀವ ತಿಂದೆ ನಿಮ್ದು."

ಅವನು ಬಲಗೈ ಚಾಚಿ, ಸಮಾಧಾನ ಮಾಡುವವನ ಹಾಗೆ, ನನ್ನ ಮೊಣಕಾಲು ತಟ್ಟಿದ. ನಾನು ತಟ್ಟಿಸಿಕೊಂಡು ಕೂತೆ.